ಗೆಳತಿಯ ಕಾದಂಬರಿಗೆ ರಾಗ ಕಟ್ಟುವುದು ಹೇಗೆ

ಗೆಳತಿ ಅಡಿಕೆ ತೋಟದ ಮನೆಯೊಂದರ ಬಗ್ಗೆ ಕಾದಂಬರಿ ಬರೆದಿದ್ದಾಳೆ, ಅದರಿಂದ ಮೂರು ನಿಮಿಷದ ವಾದ್ಯಸಂಗೀತ ಕಟ್ಟಬೇಕು ಎಂದುಕೊಳ್ಳಿ. ಇಡೀ ಕತೆಯನ್ನು ಸ್ವರದಲ್ಲಿ ಹೇಳಲು ಹೊರಟರೆ ಕೆಲಸ ಅಲ್ಲೇ ಕೆಟ್ಟಿತು. ಮದುವೆ, ಪಾಲುಪಟ್ಟಿ, ಸಾವು ಎಲ್ಲವನ್ನೂ ತುರುಕಿದ ರಚನೆಯಲ್ಲಿ ಕೇಳುಗರ ಕಿವಿಗೆ ಏನೂ ನಿಲ್ಲುವುದಿಲ್ಲ. ಒಂದು ಪುಟ ಸಾಕು. ಪಾತ್ರಗಳು ಮಾತಾಡುವ ಪುಟ ಬೇಡ, ಕೈ ಕೆಲಸ ಮಾಡುತ್ತಿರುವ ಪುಟ ಹುಡುಕಿ. ರಾತ್ರಿ ಜಗಲಿಯಲ್ಲಿ ಅಡಿಕೆ ಸುಲಿಯುವ ದೃಶ್ಯವಿದ್ದರೆ ಅದೇ ಆಗಲಿ.

ಆ ಪುಟವನ್ನು ಗಟ್ಟಿಯಾಗಿ ಐದಾರು ಸಲ ಓದಿ. ಹಾರ್ಮೋನಿಯಂ ಮುಟ್ಟುವ ಮೊದಲು ಇದು ಆಗಲೇಬೇಕು, ಏಕೆಂದರೆ ಲಯ ಸಿಗುವುದು ಅವಳ ವಾಕ್ಯಗಳಲ್ಲೇ. ಶಾಲೆಯಲ್ಲಿ ಕಲಿತ ಲಘು-ಗುರು ಇಲ್ಲಿ ಕೈಹಿಡಿಯುತ್ತದೆ: ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ, ಅನುಸ್ವಾರ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ‘ಮಳೆಯು ನಿಂತಿತು ಹನಿಯು ನಿಲ್ಲದು’ ಎಂಬಂಥ ಸಾಲು ಪುಟದಲ್ಲಿದ್ದರೆ ಎಣಿಸಿ ನೋಡಿ: ಮೂರು, ನಾಲ್ಕು, ಮೂರು, ನಾಲ್ಕು. ಅಂದರೆ ಏಳು ಮಾತ್ರೆಯ ಮಿಶ್ರಛಾಪು ತಾಳ, ತಕಿಟ ತಕಧಿಮಿ. ಭಾಮಿನಿ ಷಟ್ಪದಿಯ ನಡೆಯೂ ಇದೇ. ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೆ, ಹೆಸರಾದ ಹೊಸಹಳ್ಳಿ ಶಿವಮೊಗ್ಗದ ಮಗ್ಗುಲಲ್ಲೇ ಇದೆ. ಈ ಸೀಮೆಯ ಕಿವಿಗೆ ಈ ನಡೆ ಹೊಸದಲ್ಲ. ಗದ್ಯದ ಎಲ್ಲ ಸಾಲುಗಳೂ ಲೆಕ್ಕಕ್ಕೆ ಕೂರಲಾರವು, ಕೂರಬೇಕಾಗಿಯೂ ಇಲ್ಲ. ಮತ್ತೆ ಮತ್ತೆ ಬರುವ ಒಂದು ನಡೆ ಕಂಡರೆ ಅದನ್ನು ಹಿಡಿಯಿರಿ. ಐದರ ನಡೆ ಕಂಡರೆ ಖಂಡಛಾಪು, ನಾಲ್ಕರದಾದರೆ ಆದಿ.

ತಬಲಾದವರಿಗೆ ತಾಳದ ಹೆಸರು ಹೇಳುವಾಗ ಎಚ್ಚರವಿರಲಿ. ಹಿಂದೂಸ್ತಾನಿಯ ರೂಪಕ್ ಏಳು ಮಾತ್ರೆಯದು, ಕರ್ನಾಟಕ ಸಂಗೀತದ ರೂಪಕ ಆರಕ್ಷರದ್ದು. ಬರೀ ‘ರೂಪಕ’ ಎಂದರೆ ಅರ್ಧ ದಿನ ಗೊಂದಲದಲ್ಲೇ ಹೋಗುತ್ತದೆ. ‘ಏಳು, ಮೂರು-ನಾಲ್ಕು’ ಎಂದು ಹೇಳಿ, ಕೈಯಲ್ಲಿ ತಟ್ಟಿ ತೋರಿಸಿ.

ರಾಗಕ್ಕೆ ಮೋಹನ ಒಳ್ಳೆಯ ಆಯ್ಕೆ. ಅದರಲ್ಲಿ ನೆಮ್ಮದಿಯಿದೆ, ಅದಕ್ಕಿಂತ ಮುಖ್ಯವಾಗಿ, ಅದರ ‘ಗ’ ಸ್ವರವಾದ ಅಂತರ ಗಾಂಧಾರವನ್ನು ಅರ್ಧ ಸ್ವರ ತಗ್ಗಿನ ಸಾಧಾರಣ ಗಾಂಧಾರಕ್ಕೆ ಇಳಿಸಿದರೆ ಅದೇ ಐದು ಸ್ವರಗಳ ಗುಂಪು ಶಿವರಂಜನಿಯಾಗುತ್ತದೆ. ಮನೆ ಅದೇ, ಜಗಲಿ ಅದೇ, ಸುಲಿಯುವವರಲ್ಲಿ ಒಬ್ಬರು ಮಾತ್ರ ಇಲ್ಲ ಎಂಬುದನ್ನು ಹೇಳಲು ಇಷ್ಟೇ ಬದಲಾವಣೆ ಸಾಕು. ಮುಖ್ಯ ಸಂಗತಿ, ಅಂದರೆ ಮತ್ತೆ ಮತ್ತೆ ಬರುವ ಸ್ವರಗಳ ಸಾಲು, ಎರಡು ಆವರ್ತಕ್ಕಿಂತ (ತಾಳದ ಎರಡು ಸುತ್ತಿಗಿಂತ) ಉದ್ದ ಬೇಡ:

ಗ , ರಿ | ಗ ಪ ದ ಪ
ಗ , ಪ | ಗ ರಿ ಸ ,

ಅಲ್ಪವಿರಾಮ ಇರುವಲ್ಲಿ ಹಿಂದಿನ ಸ್ವರವನ್ನು ಒಂದು ಮಾತ್ರೆ ಎಳೆಯಬೇಕು. ಗಾಂಧಾರವೇ ಬದಲಾಗುವ ಸ್ವರವಾದ್ದರಿಂದ ಎರಡೂ ಆವರ್ತ ಅದರಿಂದಲೇ ಶುರುವಾಗಿವೆ. ಬದಲಾವಣೆ ತಟ್ಟನೆ ಕಿವಿಗೆ ಬೀಳುತ್ತದೆ.

ನಿಮಿಷಕ್ಕೆ 140 ಮಾತ್ರೆಯ ವೇಗದಲ್ಲಿ ಒಂದು ಆವರ್ತಕ್ಕೆ 3 ಸೆಕೆಂಡು. ತಾಳವಿಲ್ಲದ ಆಲಾಪ 30 ಸೆಕೆಂಡು, ಕೊಳಲಿನಲ್ಲಿ ಸಂಗತಿ 16 ಆವರ್ತ, ಪಿಟೀಲಿನಲ್ಲಿ ಅದರ ವಿಸ್ತಾರ 16, ಶಿವರಂಜನಿ 12, ಮತ್ತೆ ಮೋಹನ 6. ಅಲ್ಲಿಗೆ ಸರಿಯಾಗಿ ಮೂರು ನಿಮಿಷ. ಶಿವರಂಜನಿಯನ್ನು ಇದಕ್ಕಿಂತ ಬೆಳೆಸಿದರೆ ದುಃಖ ಸವಕಲಾಗುತ್ತದೆ. ಶ್ರುತಿ ಗೊತ್ತುಮಾಡುವ ಮೊದಲು ಕೊಳಲಿನವರ ಬಳಿ ಯಾವ ಶ್ರುತಿಯ ಕೊಳಲಿದೆ ಎಂದು ಕೇಳಿ. ಹಾರ್ಮೋನಿಯಂನಲ್ಲಿ ಮನೆ (ಕೀಲಿ) ಬದಲಿಸಬಹುದು, ಬಿದಿರು ಬದಲಾಗದು.

ಲಯಕ್ಕೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಸದ್ದನ್ನೇ ಬಳಸಿ. ಸಿಪ್ಪೆ ಚರ್ ಎಂದು ಬಿಚ್ಚುವುದು ಮೊದಲ ಮಾತ್ರೆಗೆ, ಅಡಿಕೆ ಟಕ್ ಎಂದು ಬುಟ್ಟಿಗೆ ಬೀಳುವುದು ನಾಲ್ಕನೆಯದಕ್ಕೆ. ಮೊಬೈಲನ್ನು ಒಂದು ಮೊಳ ದೂರದಲ್ಲಿ, ಮಡಚಿದ ಬಟ್ಟೆಯ ಮೇಲಿಡಿ. ನೆಲದ ಮೇಲೆ ನೇರ ಇಟ್ಟರೆ ಕಂಪನವೆಲ್ಲ ಗುಂಯ್ಗುಡುತ್ತದೆ. ಒಂದೇ ಸದ್ದನ್ನು ಪ್ರತಿ ಆವರ್ತಕ್ಕೂ ಅಂಟಿಸಿದರೆ ಯಂತ್ರದಂತೆ ಕೇಳುತ್ತದೆ. ಎಂಟು ಬೇರೆ ಬೇರೆ ಅಡಿಕೆಯ ಸದ್ದು ಹಿಡಿದು ಅದಲುಬದಲು ಮಾಡಿ. ಸಾಗರ, ಸೊರಬದ ಕಡೆಯ ಡೊಳ್ಳು ಸೇರಿಸುವ ಆಸೆ ಸಹಜ, ಆದರೆ ಈ ಪುಟಕ್ಕೆ ಅದು ಬೇಡ. ಕೊಳಲನ್ನು ನುಂಗಿಬಿಡುತ್ತದೆ.

ಮಳೆಯ ಸದ್ದಿನಲ್ಲೂ ಇದೇ ತೊಂದರೆ. ಜಡಿಮಳೆಯ ಸದ್ದು ತಗ್ಗಿನಿಂದ ತಾರದವರೆಗೆ ಎಲ್ಲ ಸ್ಥಾಯಿಯನ್ನೂ ತುಂಬಿಕೊಂಡು ಕೊಳಲಿನ ಉಸಿರನ್ನು ಮುಚ್ಚುತ್ತದೆ. ತಗಡಿನ ಮಾಡಿನ ಕೆಳಗಂತೂ ಕೇಳುವುದೇ ಬೇಡ. ಮಳೆ ನಿಂತ ಮೇಲೆ ಹಂಚಿನಂಚಿನಿಂದ ತೊಟ್ಟಿಕ್ಕುವ ಹನಿಯನ್ನು ಎರಡು ನಿಮಿಷ ಹಿಡಿಯಿರಿ, ಆಲಾಪದ ಕೆಳಗೆ ಮಾತ್ರ ಇಡಿ.

ಜೂನ್‌ನಿಂದ ಆಗಸ್ಟ್‌ವರೆಗೆ ಧ್ವನಿಮುದ್ರಣ ಮಾಡುವುದಾದರೆ ತಬಲಾದ ಚರ್ಮ ತೇವಕ್ಕೆ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಶ್ರುತಿ ಮಾಡಿ ಹತ್ತು ನಿಮಿಷ ನುಡಿಸಿ, ಮತ್ತೆ ತಂಬೂರಿಗೆ ಹೊಂದಿಸಿ, ಆಮೇಲೆ ಮುದ್ರಿಸಿ. ಪ್ರತಿ ಸಲವೂ ಹೀಗೆಯೇ. ಇಳಿದ ಶ್ರುತಿಯನ್ನು ಕಂಪ್ಯೂಟರಿನಲ್ಲಿ ಎತ್ತಿದರೆ ನಾದದ ಮೈಯೇ ಬೇರೆಯಾಗುತ್ತದೆ.

ಪುಸ್ತಕದ ಸಾಲುಗಳನ್ನು ಹಾಡಿಸುವುದಾದರೆ ಗೆಳೆತನವಿದ್ದರೂ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಹಕ್ಕು ಪ್ರಕಾಶಕರ ಬಳಿ ಇದ್ದರೆ ಅವರಿಂದಲೂ ಬೇಕು. ಯಾವ ಸಾಲು, ಎಷ್ಟು ವರ್ಷ, ಯಾವ ದೇಶಗಳಿಗೆ ಎಂಬುದು ಕಾಗದದಲ್ಲಿರಲಿ. ಅವಧಿ, ಪ್ರದೇಶ ಬರೆಯದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು ಐದು ವರ್ಷಕ್ಕೆ, ಭಾರತಕ್ಕೆ ಮಾತ್ರ ಎಂದಾಗುತ್ತದೆ.

ಕೊನೆಗೆ ಗೆಳತಿಯನ್ನು ಕೂರಿಸಿ, ಯಾವ ಪುಟವೆಂದು ಹೇಳದೆ ಎರಡು ಸಲ ಕೇಳಿಸಿ. ಯಾವುದು ನೆನಪಾಯಿತು ಎಂದು ಕೇಳಿ. ಅಡಿಕೆ ಸುಲಿಯುವ ರಾತ್ರಿ ಎಂದರೆ ಸರಿಹೋಯಿತು. ಬೇರೆ ಪುಟ ಹೇಳಿದರೆ ಮೆಟ್ಟುಗತ್ತಿಯ ಸದ್ದನ್ನು ಒಮ್ಮೆ ತೆಗೆದು ಮತ್ತೆ ಕೇಳಿಸಿ. ಅವಳ ಉತ್ತರ ಬದಲಾಗದಿದ್ದರೆ ಅವಳು ಹೇಳಿದ ಪುಟವನ್ನೇ ತೆರೆದು, ಅದನ್ನು ಗಟ್ಟಿಯಾಗಿ ಓದಲು ಕೂರಿ.