ಗೇರ್ ಸರಿಯಾಗಿ ಬೀಳುತ್ತಿಲ್ಲವೇ? ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಲಿಂಕೇಜ್ ನೋಡಿ

ಮೂರನೇ ಗೇರ್‌ಗೆ ಹಾಕಲು ಹೋದರೆ ಐದಕ್ಕೆ ಬೀಳುತ್ತದೆ. ರಿವರ್ಸ್ ಎಲ್ಲಿದೆ ಅಂತ ಹುಡುಕಬೇಕು. ನ್ಯೂಟ್ರಲ್‌ನಲ್ಲಿ ಲಿವರ್ ಹಿಡಿದರೆ ಸಡಿಲವಾದ ಹಲ್ಲಿನ ಹಾಗೆ ಆಡುತ್ತದೆ. ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಈ ಹಂತದಲ್ಲಿ ಗಾಬರಿಯಾಗಿ ಗೇರ್‌ಬಾಕ್ಸ್ ಕೆಳಗಿಳಿಸುವ ಮಾತಿಗೆ ಬಂದುಬಿಡುತ್ತಾರೆ. ಸ್ವಲ್ಪ ತಡೆಯಿರಿ. ಎಷ್ಟೋ ಸಲ ತೊಂದರೆ ಇರುವುದು ಲಿವರ್‌ನಿಂದ ಗೇರ್‌ಬಾಕ್ಸ್‌ವರೆಗಿನ ಜೋಡಣೆಯಲ್ಲಿ, ಅಂದರೆ ಲಿಂಕೇಜ್‌ನಲ್ಲಿ. ಅದನ್ನು ಒಂದು ಸ್ಪ್ಯಾನರ್, ಒಂದು ಟಾರ್ಚ್ ಮತ್ತು ಒಂದು ಮಧ್ಯಾಹ್ನದ ತಾಳ್ಮೆಯಲ್ಲಿ ಸರಿಮಾಡಬಹುದು.

ಹಳೆಯ ಪೋರ್ಶೆ 911 ಅನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1972ರಿಂದ 1986ರವರೆಗಿನ ಬಹುತೇಕ 911 ಮಾಡೆಲ್‌ಗಳಲ್ಲಿ 915 ಎಂಬ ಗೇರ್‌ಬಾಕ್ಸ್ ಇದೆ. ಎಂಜಿನ್, ಗೇರ್‌ಬಾಕ್ಸ್ ಎರಡೂ ಹಿಂದೆ, ಲಿವರ್ ಮುಂದೆ. ನಡುವೆ ಟನಲ್, ಅಂದರೆ ಕಾರಿನ ತಳದ ಮಧ್ಯದಲ್ಲಿ ಉಬ್ಬಿರುವ ಕೊಳವೆಯಂಥ ಭಾಗದ ಒಳಗೆ ಒಂದು ಉದ್ದದ ರಾಡ್ ಓಡುತ್ತದೆ. ಆ ರಾಡು ಗೇರ್‌ಬಾಕ್ಸ್ ಕಡೆಯ ಶಾಫ್ಟನ್ನು ಸೇರುವ ಜಾಗದಲ್ಲಿ ಕಪ್ಲರ್ ಇರುತ್ತದೆ. ಅಡ್ಜಸ್ಟ್‌ಮೆಂಟ್ ಎಲ್ಲ ಅಲ್ಲೇ.

ಲಿವರನ್ನು ಎಡಬಲಕ್ಕೆ ಸರಿಸಿದರೆ ರಾಡ್ ತಿರುಗುತ್ತದೆ. ಹಿಂದೆ ಮುಂದೆ ಮಾಡಿದರೆ ರಾಡ್ ಸರಿಯುತ್ತದೆ. ಇಷ್ಟು ತಿಳಿದರೆ ಕಾರೇ ತನ್ನ ಕಾಯಿಲೆ ಹೇಳುತ್ತದೆ. 915ರಲ್ಲಿ 1, 3, 5 ಮುಂದಕ್ಕೆ; 2, 4, ರಿವರ್ಸ್ ಹಿಂದಕ್ಕೆ. ಮುಂದಿನ ಮೂರೂ ಅರ್ಧಕ್ಕೇ ನಿಂತು ಹಿಂದಿನ ಮೂರೂ ಚೆನ್ನಾಗಿ ಬಿದ್ದರೆ ಉದ್ದದ ಲೆಕ್ಕ ತಪ್ಪಿದೆ. 1, 2 ಸಲೀಸಾಗಿ ಬಿದ್ದು, 5 ಮತ್ತು ರಿವರ್ಸ್ ಸಿಗುವುದೇ ಇಲ್ಲ ಅಂದರೆ ತಿರುವಿನ ಲೆಕ್ಕ ತಪ್ಪಿದೆ. ಒಂದೇ ಒಂದು ಗೇರ್ ಮಾತ್ರ ಕರಕರ ಅನ್ನುತ್ತಿದ್ದರೆ, ಉಳಿದವೆಲ್ಲ ಸರಿಯಿದ್ದರೆ? ಅದು ಲಿಂಕೇಜ್ ಕೆಲಸ ಅಲ್ಲ. ಒಳಗಿನ ಸಿಂಕ್ರೊ (ಗೇರ್ ಸೇರುವ ಮುನ್ನ ಭಾಗಗಳ ವೇಗ ಹೊಂದಿಸುವ ರಿಂಗ್) ಸವೆದಿರುವ ಸಾಧ್ಯತೆ ಜಾಸ್ತಿ.

ಸ್ಪ್ಯಾನರ್ ಹಿಡಿಯುವ ಮೊದಲು ಕ್ಲಚ್ ಪರೀಕ್ಷೆ ಮಾಡಿ. ಎಂಜಿನ್ ಐಡಲ್‌ನಲ್ಲಿರಲಿ. ಕ್ಲಚ್ ಪೂರ್ತಿ ಒತ್ತಿ, ನಾಲ್ಕೈದು ಸೆಕೆಂಡ್ ಕಾದು ರಿವರ್ಸ್‌ಗೆ ಹಾಕಿ. ರಿವರ್ಸ್‌ಗೆ ಸಿಂಕ್ರೊ ಇಲ್ಲ. ಹಾಗಾಗಿ ಪೆಡಲ್ ಒತ್ತಿದರೂ ಕ್ಲಚ್ ಎಂಜಿನ್ನನ್ನು ಗೇರ್‌ಬಾಕ್ಸ್‌ನಿಂದ ಪೂರ್ತಿ ಬೇರ್ಪಡಿಸದಿದ್ದರೆ ಅದು ಕಿರುಚಿ ಹೇಳುತ್ತದೆ. ಹಾಗಾದರೆ ಮೊದಲು ಕ್ಲಚ್ ಸರಿಮಾಡಿಸಿ, ಲಿಂಕೇಜ್ ಆಮೇಲೆ.

ಈಗ ಎಂಜಿನ್ ಆಫ್ ಮಾಡಿ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡ ಕೊಡಿ. ಗಾಡಿ ನ್ಯೂಟ್ರಲ್‌ನಲ್ಲಿ ನಿಲ್ಲುವುದರಿಂದ ಇದನ್ನು ಬಿಡಬೇಡಿ. ಹಿಂದಿನ ಸೀಟುಗಳ ನಡುವೆ ಕಾರ್ಪೆಟ್ ಎತ್ತಿದರೆ ಟನಲ್ ಮೇಲೆ ಸಣ್ಣ ಮುಚ್ಚಳ ಕಾಣುತ್ತದೆ. ಅದನ್ನು ಬಿಚ್ಚಿ, ಟಾರ್ಚ್ ಬಿಟ್ಟು ಒಳಗೆ ನೋಡಿ.

ಇಲ್ಲಿ ಅವಸರ ಬೇಡ. ಜೊತೆಗಿರುವವರಿಗೆ ಲಿವರನ್ನು ನಿಧಾನಕ್ಕೆ ಅಲ್ಲಾಡಿಸಲು ಹೇಳಿ. ನಿಮ್ಮ ಕಣ್ಣು ಕಪ್ಲರ್ ಮೇಲಿರಲಿ. ಲಿವರ್ ಕಡೆಯ ರಾಡ್ ಅಲುಗಿ, ಗೇರ್‌ಬಾಕ್ಸ್ ಕಡೆಯದು ಒಂದು ಕ್ಷಣ ತಡವಾಗಿ ಅಲುಗಿದರೆ ಕಪ್ಲರಿನ ಬುಷ್ (ಭಾಗಗಳು ಸಡಿಲವಾಗಿ ಆಡದಂತೆ ನಡುವೆ ಕೂರುವ ಸಣ್ಣ ಬಳೆ) ಹೋಗಿದೆ. ನಾನು ಮೊದಲ ಸಲ ಬಿಚ್ಚಿ ನೋಡಿದಾಗ ಪ್ಲಾಸ್ಟಿಕ್ ಬುಷ್ ಬೆರಳಿಗೆ ಸಿಕ್ಕಿದ್ದೇ ಪುಡಿಪುಡಿಯಾಗಿ ಉದುರಿತು. ಅರ್ಧ ಬುಷ್ ಆಗಲೇ ಟನಲ್ ತಳದಲ್ಲಿ ಕಂದು ಚೂರುಗಳಾಗಿ ಬಿದ್ದಿತ್ತು. ಲಿವರ್ ಬುಡದಲ್ಲೂ ಇಂಥದೇ ಒಂದು ಬುಷ್ ಇದೆ, ಅದನ್ನೂ ನೋಡಿ. ಸವೆದ ಬುಷ್ ಇಟ್ಟುಕೊಂಡು ಅಡ್ಜಸ್ಟ್ ಮಾಡುವುದು ಸುಮ್ನೆ ದಂಡ. ಇವತ್ತು ಕೂತ ಜಾಗದಲ್ಲಿ ಅದು ನಾಳೆ ಇರುವುದಿಲ್ಲ.

ಬುಷ್ ಸರಿಯಿದ್ದರೆ, ಅಥವಾ ಹೊಸದು ಹಾಕುವ ಮುಂಚೆಯೇ, ಕಪ್ಲರ್ ಮತ್ತು ರಾಡ್ ಸೇರುವಲ್ಲಿ ಪೇಂಟ್‌ನಿಂದ ಒಂದು ಗೆರೆ ಎಳೆಯಿರಿ. ಎಲ್ಲ ಕೆಟ್ಟರೂ ಹಳೆಯ ಜಾಗಕ್ಕೆ ವಾಪಸ್ ಬರಬಹುದು. ಈ ಒಂದು ಗೆರೆ ಎಳೆಯದೆ ಸಂಜೆಯೆಲ್ಲ ಒದ್ದಾಡಿದವರನ್ನು ನೋಡಿದ್ದೇನೆ.

ಆಮೇಲೆ ಕಪ್ಲರನ್ನು ರಾಡಿಗೆ ಬಿಗಿಹಿಡಿದಿರುವ ಕ್ಲಾಂಪ್ ಬೋಲ್ಟ್ ಸಡಿಲಿಸಿ. ಪೂರ್ತಿ ಬಿಚ್ಚುವುದು ಬೇಡ, ರಾಡ್ ಒಳಗೆ ಜಾರುವಷ್ಟು ಸಾಕು. ಗೇರ್‌ಬಾಕ್ಸ್ ಕಡೆಯ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ನ್ಯೂಟ್ರಲ್‌ನಲ್ಲಿದೆ, ಬಿಗಿಯಾಗಿ ನಿಂತಿದ್ದರೆ ಗೇರ್‌ನಲ್ಲಿದೆ ಎಂದರ್ಥ. ಶಾಫ್ಟನ್ನು ಯಾವ ಕೊನೆಗೆ ತಿರುಗಿಸಿ ಹಿಡಿಯಬೇಕು, ಆಗ ಲಿವರ್ ಎಲ್ಲಿ ನಿಲ್ಲಬೇಕು ಎನ್ನುವುದು ಕಾರಿನಿಂದ ಕಾರಿಗೆ ಬೇರೆ. ನಿಮ್ಮ ಮಾಡೆಲ್‌ನ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ಆ ಪುಟ ತೆರೆದು ಪಕ್ಕದಲ್ಲೇ ಇಟ್ಟುಕೊಳ್ಳಿ. ತತ್ವ ಮಾತ್ರ ಎಲ್ಲೆಡೆ ಒಂದೇ: ಗೇರ್‌ಬಾಕ್ಸೂ ನ್ಯೂಟ್ರಲ್‌ನಲ್ಲಿರಬೇಕು, ಲಿವರೂ ನ್ಯೂಟ್ರಲ್‌ನಲ್ಲಿರಬೇಕು, ಆ ಸ್ಥಿತಿಯಲ್ಲಿ ಎರಡನ್ನೂ ಬಿಗಿಯಬೇಕು.

ಬಿಗಿದ ಮೇಲೆ ಎಂಜಿನ್ ಆಫ್ ಇರುವಾಗಲೇ ಕ್ಲಚ್ ಒತ್ತಿ ಎಲ್ಲ ಗೇರ್ ಹಾಕಿ ನೋಡಿ. ಯಾವುದಾದರೂ ಹಿಡಿಯದಿದ್ದರೆ ಬಲ ಹಾಕಬೇಡಿ. ಚಕ್ರದ ಅಡ್ಡ ತೆಗೆದು, ಹ್ಯಾಂಡ್‌ಬ್ರೇಕ್ ಬಿಟ್ಟು ಗಾಡಿಯನ್ನು ಒಂದು ಗೇಣು ತಳ್ಳಿ ಮತ್ತೆ ಪ್ರಯತ್ನಿಸಿ. ಒಳಗಿನ ಹಲ್ಲುಗಳು ಎದುರುಬದುರಾಗಿ ನಿಂತಿರಬಹುದು.

ಉದ್ದ ಸರಿಯಾಯಿತಾ ಅಂತ ತಿಳಿಯಲು ಅಳತೆಯ ಟೇಪ್ ಸಾಕು. ಡ್ಯಾಶ್‌ಬೋರ್ಡ್‌ನಿಂದ ಲಿವರ್ ಗುಂಡಿಗೆ ಮೂರು ಅಳತೆ ತೆಗೆಯಿರಿ: ನ್ಯೂಟ್ರಲ್, ಮೂರು, ನಾಲ್ಕು. ನ್ಯೂಟ್ರಲ್‌ನಿಂದ ಎರಡೂ ಕಡೆ ದೂರ ಹೆಚ್ಚುಕಮ್ಮಿ ಒಂದೇ ಇರಬೇಕು. ವ್ಯತ್ಯಾಸ ಕಂಡರೆ ಬೋಲ್ಟ್ ಮತ್ತೆ ಸಡಿಲಿಸಿ, ಒಂದು ಸಲಕ್ಕೆ ಒಂದೆರಡು ಮಿಲಿಮೀಟರ್ ಮಾತ್ರ ಸರಿಸಿ. ಉದ್ದ, ತಿರುವು ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಯಾವುದರಿಂದ ಏನಾಯಿತು ಅನ್ನುವುದೇ ಗೊತ್ತಾಗುವುದಿಲ್ಲ.

ಸಮಾಧಾನವಾದ ಮೇಲೆ ಬೋಲ್ಟನ್ನು ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿಯಿರಿ. ಇದು ರಸ್ತೆಯಲ್ಲಿ ಜಾರಿದರೆ ಗೇರೇ ಬದಲಾಗುವುದಿಲ್ಲ. ಟ್ರಾಫಿಕ್ ಇಲ್ಲದ ಕಡೆ ಓಡಿಸಿ ನೋಡಿ, ಎಣ್ಣೆ ತಣ್ಣಗಿರುವಾಗ ಒಮ್ಮೆ, ಬಿಸಿಯಾದ ಮೇಲೆ ಒಮ್ಮೆ. 915 ತಣ್ಣಗಿರುವಾಗ ಎರಡನೇ ಗೇರ್ ಸ್ವಲ್ಪ ಮುನಿಸಿಕೊಳ್ಳುವುದು ಅದರ ಸ್ವಭಾವ. ಅದಕ್ಕಾಗಿ ಮತ್ತೆ ಸ್ಪ್ಯಾನರ್ ಎತ್ತಿಕೊಳ್ಳಬೇಡಿ, ಕೈ ನಿಧಾನ ಮಾಡಿ. ವಾಪಸ್ ಬಂದಮೇಲೆ ಬೋಲ್ಟ್ ಇನ್ನೊಮ್ಮೆ ಮುಟ್ಟಿ ನೋಡಿ, ಹೊಸ ಜಾಗಕ್ಕೆ ಬೇರೆ ಬಣ್ಣದಲ್ಲಿ ಗೆರೆ ಎಳೆದು ಮುಚ್ಚಳ ಹಾಕಿ.