ಅನಾನಸಿನಿಂದ ಶುರು ಮಾಡಿ, ದ್ರಾಕ್ಷಿ ಆಮೇಲೆ ನೋಡೋಣ

ಕಾರವಾರದಲ್ಲಿ ಡಿಸೆಂಬರ್ ಹತ್ತಿರ ಬಂತೆಂದರೆ ಯಾರಾದರೊಬ್ಬರು ನನ್ನನ್ನು ಕೇಳುತ್ತಾರೆ, ಮನೆಯಲ್ಲಿ ವೈನ್ ಮಾಡೋದು ಹೇಗೆ ಅಂತ. ಕೇಳುವ ಹೊತ್ತಿಗೆ ಅವರು ಎರಡು ಕಿಲೋ ಕಪ್ಪು ದ್ರಾಕ್ಷಿ ತಂದೂ ಆಗಿರುತ್ತದೆ. ನಾನು ಶುರು ಮಾಡಿದ್ದೂ ಹಾಗೇ. ಪಕ್ಕದ ಮನೆಯ ಆಂಟಿ ಪ್ರತಿ ಕ್ರಿಸ್‌ಮಸ್ಸಿಗೆ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ ಹಾಕಿ ಭರಣಿಯಲ್ಲಿ 21 ದಿನ ಇಟ್ಟು ವೈನ್ ಮಾಡುತ್ತಾರೆ. ಚೆನ್ನಾಗಿಯೇ ಬರುತ್ತದೆ. ಅದನ್ನು ನೋಡಿ ನಾನು ಏಪ್ರಿಲ್‌ನಲ್ಲಿ ಮಾಡಲು ಹೋದೆ. ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆದು ಮೂಸಿ ನೋಡಿದೆ. ತಿಂಗಳಾದ ಮೇಲೆ ಸಿಕ್ಕಿದ್ದು ಒಳ್ಳೇ ವಿನೆಗರ್. "ನೀನು ಅದಕ್ಕೆ ಗಾಳಿ ಹಾಕ್ತಾ ಕೂತೆ ಮಾರಾಯಾ" ಅಂತ ಆಂಟಿ ನಕ್ಕರು.

ಆ ಒಂದು ಮಾತಿನಲ್ಲಿ ಅರ್ಧ ವಿದ್ಯೆ ಇದೆ. ಇನ್ನರ್ಧ ಸೆಕೆಯದ್ದು. ಯೂಟ್ಯೂಬಿನಲ್ಲಿ ತೋರಿಸುವವರೆಲ್ಲ ತಣ್ಣನೆಯ ಊರಿನವರು. ನಮ್ಮ ಕರಾವಳಿಯಲ್ಲಿ ಅದೇ ಅಳತೆ, ಅದೇ ದಿನದ ಲೆಕ್ಕ ಹಿಡಿದರೆ ಕೆಲಸ ಕೆಡುತ್ತದೆ.

ಶುರು ಮಾಡುವ ಮೊದಲು ಕಾನೂನಿನ ಮಾತು ಒಂದಿಷ್ಟು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು, ಮಾರುವುದು ಅಪರಾಧ. ಹಾಗಾಗಿ ನಿಮ್ಮ ತಾಲೂಕಿನ ಅಬಕಾರಿ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಕೊಂಡೇ ಕೈ ಹಾಕಿ. ಮಾರುವ ಯೋಚನೆಯಂತೂ ಬೇಡವೇ ಬೇಡ. ಇನ್ನೊಂದು, ಬಟ್ಟಿ ಇಳಿಸುವ ಆಸೆ ಇಟ್ಟುಕೊಳ್ಳಬೇಡಿ. ಗೋವಾ ಗಡಿ ಇಲ್ಲೇ ಇದೆ, ಅಲ್ಲಿ ಫೆನಿ ಮಾಡ್ತಾರಲ್ಲ, ನಾವು ಮಾಡಿದರೇನು ಅನ್ನುವವರು ಇದ್ದಾರೆ. ಅದು ಬೇರೆ ಕಸುಬು, ಬೆಂಕಿಯ ಅಪಾಯವೂ ಇದೆ, ವಿಷದ ಅಪಾಯವೂ ಇದೆ. ನಾವು ಮಾಡುವುದು ಹಣ್ಣಿನ ರಸ ಹುದುಗಿಸುವ ಕೆಲಸ, ಅಷ್ಟೇ.

ಅನಾನಸೇ ಯಾಕೆ

ಮಾರ್ಕೆಟ್ಟಿಗೆ ಬರುವ ದ್ರಾಕ್ಷಿ ತಿನ್ನಲಿಕ್ಕೆಂದು ಬೆಳೆದದ್ದು, ಬಯಲುಸೀಮೆಯಿಂದ ಲಾರಿಯಲ್ಲಿ ಬಂದದ್ದು, ಅರ್ಧ ಬಾಡಿರುತ್ತದೆ, ದುಬಾರಿ ಬೇರೆ. ಬನವಾಸಿ ಕಡೆಯ ಅನಾನಸು ನಮಗೆ ಹತ್ತಿರ. ಹುಳಿಯೂ ಇದೆ, ಸಿಹಿಯೂ ಇದೆ, ಪರಿಮಳ ಕೇಳುವುದೇ ಬೇಡ. ಹುಳಿ ಇದ್ದ ರಸದಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಸುಲಭಕ್ಕೆ ಬೆಳೆಯುವುದಿಲ್ಲ, ಅದು ಹೊಸಬರಿಗೆ ದೊಡ್ಡ ಆಧಾರ.

ಸಾಮಾನು ಜಾಸ್ತಿ ಬೇಡ. ಊಟದ ಸಾಮಾನಿಗೆ ನಡೆಯುವ 10 ಲೀಟರಿನ ಪ್ಲಾಸ್ಟಿಕ್ ಬಕೆಟ್ ಅಥವಾ ಸ್ಟೀಲ್ ಪಾತ್ರೆ ಒಂದು. ಕಿರಿದಾದ ಬಾಯಿಯ 5 ಲೀಟರಿನ ಗಾಜಿನ ಜಾರ್ ಒಂದು, ಎರಡಿದ್ದರೆ ಒಳ್ಳೆಯದು. ಏರ್‌ಲಾಕ್, ರಬ್ಬರ್ ಬಿರಡೆ, ಹೈಡ್ರೋಮೀಟರ್ (ರಸದಲ್ಲಿ ತೇಲಿಬಿಟ್ಟು ಸಕ್ಕರೆ ಎಷ್ಟಿದೆ ಎಂದು ನೋಡುವ ಗಾಜಿನ ಕಡ್ಡಿ), ಆಹಾರಕ್ಕೆ ಬಳಸುವ ಸಿಲಿಕೋನ್ ಪೈಪು ಆರಡಿ. ಏರ್‌ಲಾಕ್ ಸಿಗದಿದ್ದರೆ ಬಿರಡೆಗೆ ತೂತು ಮಾಡಿ ಪೈಪು ತೂರಿಸಿ, ಅದರ ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿ. ಒಳಗಿನ ಗಾಳಿ ಗುಳುಗುಳು ಎಂದು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ತಾಮ್ರ, ಹಿತ್ತಾಳೆ, ಕಬ್ಬಿಣ, ಅಲ್ಯುಮಿನಿಯಂ ಯಾವುದೂ ಬೇಡ, ಹುಳಿಗೆ ಲೋಹ ಬಿಡುತ್ತದೆ. ಉಪ್ಪಿನಕಾಯಿ ಹಾಕಿದ್ದ ಪ್ಲಾಸ್ಟಿಕ್ ಡಬ್ಬಿಯೂ ಬೇಡ. ಏಳು ಸಲ ತೊಳೆದರೂ ಇಂಗಿನ ವಾಸನೆ ಹೋಗೋದಿಲ್ಲ, ನಾನು ನೋಡಿದ್ದೇನೆ.

ಯೀಸ್ಟ್ ಮಾತ್ರ ವೈನಿನದ್ದೇ ತರಿಸಿ. ಇಸಿ-1118 ಅಂತ ಒಂದು ತಳಿ ಇದೆ, 5 ಗ್ರಾಂ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಸೆಕೆಯನ್ನೂ ಸ್ವಲ್ಪ ತಡೆದುಕೊಳ್ಳುತ್ತದೆ. ಬೇಕರಿ ಯೀಸ್ಟಿನಿಂದಲೂ ಆಗುತ್ತದೆ, ಆದರೆ ಬ್ರೆಡ್ಡಿನ ವಾಸನೆ ಹೊಡೆಯುತ್ತದೆ, ತಳದ ಗಸಿಯೂ ಗಟ್ಟಿಯಾಗಿ ಕೂರುವುದಿಲ್ಲ. ಇನ್ನು ಕೆ.ಎಂ.ಎಸ್. ಎಂಬ ಬಿಳಿ ಪುಡಿ, ಪೂರ್ತಿ ಹೆಸರು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಮನೆಯಲ್ಲಿ ಸ್ಕ್ವಾಶ್ ಮಾಡುವವರಿಗೆ ಇದು ಗೊತ್ತು. ಇದನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ. 10 ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ ಒಟ್ಟು 100 ಮಿ.ಲೀ. ಮಾಡಿ, ಸೂಜಿ ಇಲ್ಲದ ಸಿರಿಂಜಿನಿಂದ ಅಳೆದು 5 ಲೀಟರಿಗೆ 4 ಮಿ.ಲೀ. ಹಾಕಿದರೆ ಲೆಕ್ಕ ಸರಿ. ಆ ನೀರನ್ನು ಆಗಾಗ ಹೊಸದಾಗಿ ಮಾಡಿಕೊಳ್ಳಿ. ಉಬ್ಬಸ ಇರುವವರು ಇದರ ಘಾಟು ತೆಗೆದುಕೊಳ್ಳಬಾರದು, ಈ ವೈನ್ ಕುಡಿಯುವ ಮೊದಲೂ ಯೋಚಿಸಬೇಕು.

ಮಾಡುವ ಬಗೆ

ಚೆನ್ನಾಗಿ ಹಣ್ಣಾದ, ಕೊಳೆಯದ ಅನಾನಸು ತನ್ನಿ. ಸಿಪ್ಪೆ, ಕಣ್ಣು ತೆಗೆದ ಮೇಲೆ 2 ಕಿಲೋ ಹೋಳು ಸಿಗಬೇಕು. ಸಣ್ಣಗೆ ಹೆಚ್ಚಿ, ಕೈಯಿಂದ ಹಿಸುಕಿ. ಕೈ ಉರಿಯುತ್ತದೆ, ಅನಾನಸಿನ ಗುಣ ಅದು, ಗ್ಲವ್ಸ್ ಹಾಕಿಕೊಳ್ಳಿ. ಮಿಕ್ಸಿಯಲ್ಲಿ ನುಣ್ಣಗೆ ತಿರುವಬೇಡಿ, ಆಮೇಲೆ ತಿಳಿಯಾಗಲು ಸತಾಯಿಸುತ್ತದೆ. ಬೇಯಿಸಲೂಬೇಡಿ.

ಎರಡೂವರೆ ಲೀಟರ್ ನೀರು ಕುದಿಸಿ 800 ಗ್ರಾಂ ಸಕ್ಕರೆ ಕರಗಿಸಿ, ಪೂರ್ತಿ ಆರಿದ ಮೇಲೆ ಹಣ್ಣಿಗೆ ಸೇರಿಸಿ. ಒಂದು ಲಿಂಬೆಹಣ್ಣಿನ ರಸ, ಹಾಲು ಹಾಕದ ಕಡು ಚಹಾ ಅರ್ಧ ಕಪ್. ಚಹಾ ಯಾಕೆಂದರೆ ಅನಾನಸಿನಲ್ಲಿ ಒಗರು ಇಲ್ಲ, ಒಗರಿಲ್ಲದ ವೈನ್ ಬಾಯಲ್ಲಿ ಶರಬತ್ತಿನ ಹಾಗೆ ಸಪ್ಪೆ. ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಆ ಒಗರು ಸೇರಿ ಬಣ್ಣ ಕಪ್ಪಾಗುತ್ತದೆ, ಅಂಥವರು ಫಿಲ್ಟರ್ ನೀರು ಬಳಸಿ.

ಈಗ ಸ್ವಲ್ಪ ರಸ ಸೋಸಿ ಹೈಡ್ರೋಮೀಟರ್ ಇಳಿಬಿಡಿ. 1.080 ಆಸುಪಾಸು ತೋರಿಸಬೇಕು. ಕಡಿಮೆ ಇದ್ದರೆ ಸಕ್ಕರೆ, ಜಾಸ್ತಿ ಇದ್ದರೆ ನೀರು. ಹೆಚ್ಚಿನ ಹೈಡ್ರೋಮೀಟರುಗಳ ಗೀಟು 20 ಡಿಗ್ರಿಗೆ ಹೊಂದಿಸಿದ್ದು. ನಮ್ಮಲ್ಲಿ ರಸವೇ 30 ಡಿಗ್ರಿ ಇರುವಾಗ ಅದು ತುಸು ಕಡಿಮೆ ತೋರಿಸುತ್ತದೆ, 0.002ರಿಂದ 0.003 ಕೂಡಿಸಿಕೊಳ್ಳಿ. ಅಂಕಿಯನ್ನು ಬರೆದಿಡಿ, ಕೊನೆಗೆ ಬೇಕು.

ಕೆ.ಎಂ.ಎಸ್. ನೀರು 4 ಮಿ.ಲೀ. ಹಾಕಿ ಕಲಸಿ, ಬಟ್ಟೆ ಕಟ್ಟಿ 24 ಗಂಟೆ ಬಿಡಿ. ಈ ಒಂದು ದಿನ ಸುಮ್ನೆ ಕಾಯಬೇಕು. ಹಣ್ಣಿನ ಮೇಲಿದ್ದ ಕಾಡು ಯೀಸ್ಟ್, ಬ್ಯಾಕ್ಟೀರಿಯಾ ಅಡಗುವುದು ಈಗಲೇ, ಅವಸರ ಮಾಡಿದರೆ ನೀವು ಹಾಕುವ ಯೀಸ್ಟಿಗೂ ಅದೇ ಗತಿ.

ಮರುದಿನ ಉಗುರು ಬೆಚ್ಚಗಿನ ನೀರು ಅರ್ಧ ಕಪ್ಪಿಗೆ ಯೀಸ್ಟ್ ಉದುರಿಸಿ, 15 ನಿಮಿಷ ಬಿಟ್ಟು ಸುರಿಯಿರಿ. ಪ್ಯಾಕೆಟ್ಟಿನ ಅರ್ಧ ಸಾಕು. ಯೀಸ್ಟಿಗೂ ಆಹಾರ ಬೇಕಲ್ವಾ, ಅದಕ್ಕೆ ಒಂದು ಚಮಚ ಬೇಕರಿ ಯೀಸ್ಟನ್ನು ನೀರಿನಲ್ಲಿ ಐದು ನಿಮಿಷ ಕುದಿಸಿ ಸಾಯಿಸಿ, ಆರಿಸಿ ಹಾಕಿ. ಕೆಲವರು ಡಿ.ಎ.ಪಿ. ಹಾಕಿ ಅನ್ನುತ್ತಾರೆ, ಅದು ಯೀಸ್ಟಿಗೆ ಸಾರಜನಕ ಕೊಡುವ ಒಂದು ಲವಣ. ಹಾಕಬಹುದು, ಆದರೆ ಆಹಾರಕ್ಕೆ ಬಳಸುವ ಡಿ.ಎ.ಪಿ., ಸೊಸೈಟಿಯಿಂದ ತೋಟಕ್ಕೆ ತಂದ ಗೊಬ್ಬರದ ಚೀಲದ್ದಲ್ಲ! ನಗಬೇಡಿ, ಒಬ್ಬರು ಹಾಗೇ ಮಾಡಲು ಹೊರಟಿದ್ದರು.

ಮುಂದಿನ ಐದು ದಿನ ಹಣ್ಣು ಮೇಲೆ ತೇಲಿ ಗಟ್ಟಿ ಪದರ ಕಟ್ಟುತ್ತದೆ. ಬೆಳಿಗ್ಗೆ, ಸಂಜೆ ಸ್ವಚ್ಛ ಸೌಟಿನಿಂದ ಅದನ್ನು ಕೆಳಗೆ ಒತ್ತಿ. ಈ ಹಂತದಲ್ಲಿ ಸ್ವಲ್ಪ ಗಾಳಿ ತಾಗಿದರೆ ಚಿಂತೆ ಇಲ್ಲ, ಯೀಸ್ಟ್ ಬೆಳೆಯಲು ಅದು ಬೇಕು. ಆರನೇ ದಿನ ಕುದಿಸಿ ಒಣಗಿಸಿದ ತೆಳು ಬಟ್ಟೆಯಲ್ಲಿ ಸೋಸಿ ಜಾರಿಗೆ ತುಂಬಿಸಿ, ಏರ್‌ಲಾಕ್ ಹಾಕಿ. ಇಲ್ಲಿಂದ ಮುಂದೆ ಗಾಳಿ ವೈರಿ. ಗುಳ್ಳೆಯ ಅಬ್ಬರ ಇಳಿದ ಮೇಲೆ ಜಾರು ಕತ್ತಿನ ತನಕ ತುಂಬಿರಬೇಕು, ಬಿರಡೆಯ ಕೆಳಗೆ ಎರಡು ಬೆರಳು ಜಾಗ ಸಾಕು. ಕಮ್ಮಿ ಬಿದ್ದರೆ ಕುದಿಸಿ ಆರಿಸಿದ ನೀರು ಸೇರಿಸಿ.

ಸೆಕೆಯ ಜೊತೆ ಗುದ್ದಾಟ

ದೋಸೆ ಹಿಟ್ಟು ಶಿರಸಿಯ ಜನವರಿಯಲ್ಲಿ ಬೆಳಗಾದರೂ ಉಬ್ಬದೆ ಕೂತಿರುತ್ತದೆ, ಕಾರವಾರದ ಮೇ ತಿಂಗಳಲ್ಲಿ ಮಧ್ಯರಾತ್ರಿಗೇ ಉಕ್ಕಿ ಚೆಲ್ಲುತ್ತದೆ. ವೈನೂ ಹಾಗೇ. 20ರಿಂದ 25 ಡಿಗ್ರಿಯಲ್ಲಿ ಇದ್ದರೆ ಹಣ್ಣಿನ ಪರಿಮಳ ಉಳಿಯುತ್ತದೆ. 30 ದಾಟಿ ಮೇಲೆ ಹೋದಷ್ಟೂ ಯೀಸ್ಟ್ ಹುಚ್ಚೆದ್ದು ಓಡುತ್ತದೆ, ಪರಿಮಳವೆಲ್ಲ ಗುಳ್ಳೆಯ ಜೊತೆ ಹಾರಿ ಹೋಗುತ್ತದೆ, ಗಂಟಲು ಸುಡುವ ಒರಟು ರುಚಿ ಉಳಿಯುತ್ತದೆ. ಕೆಲವೊಮ್ಮೆ ಅರ್ಧಕ್ಕೇ ನಿಂತೂ ಬಿಡುತ್ತದೆ. ಹಾಗಾಗಿ ಮೊದಲ ಸಲ ಮಾಡುವವರು ನವೆಂಬರ್‌ನಿಂದ ಫೆಬ್ರುವರಿಯೊಳಗೆ ಮಾಡಿ. ಹಂಚಿನ ಮನೆಯ ಅಟ್ಟ ಕತ್ತಲೆ ಇರುತ್ತದೆಂದು ಅಲ್ಲಿ ಇಡುತ್ತಾರೆ, ಅದು ಮನೆಯಲ್ಲೇ ಅತಿ ಸೆಕೆಯ ಜಾಗ. ಬಚ್ಚಲ ಒಲೆಯ ಬದಿಯೂ ಬೇಡ. ಮೆಟ್ಟಿಲ ಕೆಳಗೆ, ನೆಲದ ಮೇಲೆ, ಬಟ್ಟೆ ಮುಚ್ಚಿ ಇಡಿ. ಸೆಕೆ ಏರಿದರೆ ಜಾರನ್ನು ನೀರು ತುಂಬಿದ ಅಗಲ ಟಬ್ಬಿನಲ್ಲಿ ಕೂರಿಸಿ, ಬೆಳಿಗ್ಗೆ ಒಂದು ಸಂಜೆ ಒಂದು ಫ್ರೀಜರಿನ ಐಸ್ ಬಾಟಲಿ ಆ ನೀರಿಗೆ ಹಾಕಿ. ಒದ್ದೆ ಬಟ್ಟೆ ಸುತ್ತುವ ಉಪಾಯ ಬಯಲುಸೀಮೆಯಲ್ಲಿ ನಡೆಯುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲೇ ನೀರು ತುಂಬಿರುವಾಗ ಆ ಬಟ್ಟೆ ಆರುವುದು ಯಾವಾಗ, ತಂಪಾಗುವುದು ಯಾವಾಗ.

ಮೂರು ನಾಲ್ಕು ವಾರಕ್ಕೆ ಗುಳ್ಳೆ ನಿಲ್ಲುತ್ತದೆ. ಗುಳ್ಳೆ ನಿಂತ ಮಾತ್ರಕ್ಕೆ ಮುಗಿಯಿತೆಂದಲ್ಲ. ಹೈಡ್ರೋಮೀಟರ್ 1.000ಕ್ಕಿಂತ ಕೆಳಗೆ ಇಳಿದು ಮೂರು ದಿನ ಅಲ್ಲೇ ನಿಂತರೆ ಮುಗಿದ ಹಾಗೆ. ಮೊದಲಿನ ಅಂಕಿಯಿಂದ ಕೊನೆಯದ್ದನ್ನು ಕಳೆದು 131ರಿಂದ ಗುಣಿಸಿ. 1.080ರಿಂದ 0.996ಕ್ಕೆ ಇಳಿದಿದ್ದರೆ ಶೇಕಡಾ 11ರಷ್ಟು ಆಲ್ಕೋಹಾಲ್.

ಆಮೇಲೆ ತಿಳಿ ಬಸಿಯುವ ಕೆಲಸ. ಜಾರನ್ನು ಮೇಜಿನ ಮೇಲಿಟ್ಟು, ಖಾಲಿ ಜಾರನ್ನು ನೆಲದ ಮೇಲಿಟ್ಟು, ಪೈಪಿನಲ್ಲಿ ಕುದಿಸಿ ಆರಿಸಿದ ನೀರು ತುಂಬಿಸಿ ಇಳಿಬಿಡಿ. ಮೊದಲು ಬರುವ ನೀರನ್ನು ಲೋಟಕ್ಕೆ ಹಿಡಿದು ಚೆಲ್ಲಿ. ಬಾಯಲ್ಲಿ ಎಳೆಯಬೇಡಿ. ಗಸಿ ಅಲ್ಲಾಡಬಾರದು, ವೈನ್ ಧುಮುಕುವ ಸದ್ದೂ ಬರಬಾರದು. ಮತ್ತೆ 4 ಮಿ.ಲೀ. ಕೆ.ಎಂ.ಎಸ್. ನೀರು, ಮತ್ತೆ ಏರ್‌ಲಾಕ್. ಎರಡು ತಿಂಗಳು ಬಿಟ್ಟು ಇನ್ನೊಮ್ಮೆ ಬಸಿಯಿರಿ. ಅಷ್ಟರಲ್ಲಿ ಅನಾನಸು ತಿಳಿ ಬಂಗಾರದ ಬಣ್ಣಕ್ಕೆ ಬಂದಿರುತ್ತದೆ.

ನಡುವೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೆದರಬೇಡಿ, ಯೀಸ್ಟಿಗೆ ಹಸಿವಾಗಿದೆ ಅಂತ ಅರ್ಥ. ಶುರುವಿನಲ್ಲೇ ಆದರೆ ಇನ್ನಷ್ಟು ಕುದಿಸಿದ ಯೀಸ್ಟ್ ಕೊಡಿ, ಕೊನೆಯಲ್ಲಾದರೆ ಗಸಿಯಿಂದ ಬೇಗ ಬಸಿದು ಬೇರೆ ಮಾಡಿ. ಮೇಲೆ ಬಿಳಿ ಪೊರೆ ಕಟ್ಟಿದರೆ ಜಾರಿನಲ್ಲಿ ಖಾಲಿ ಜಾಗ ಜಾಸ್ತಿ ಇದೆ. ವಿನೆಗರ್ ಘಾಟು ಬಂದರೆ ಮಾತ್ರ ವಾಪಸ್ ದಾರಿ ಇಲ್ಲ. ಹಣ್ಣಿಗೆ ಮುತ್ತುವ ಸಣ್ಣ ನೊಣ ಆ ಬ್ಯಾಕ್ಟೀರಿಯಾವನ್ನು ಹೊತ್ತು ತರುತ್ತದೆ, ಬಟ್ಟೆ ಬಿಗಿಯಾಗಿ ಕಟ್ಟಿ ಅನ್ನುವುದು ಅದಕ್ಕೇ. ನನ್ನ ಆ ಮೊದಲ ದ್ರಾಕ್ಷಿ ವಿನೆಗರನ್ನು ಶಿರಸಿಗೆ ಒಯ್ದು ಆಯಿಗೆ ಕೊಟ್ಟೆ. ವೈನ್ ಅಂದರೆ ಮುಖ ತಿರುಗಿಸುವ ಆಯಿ ಅದನ್ನು ಈರುಳ್ಳಿ ಉಪ್ಪಿನಕಾಯಿಗೆ ಹಾಕಿ, ಇನ್ನೂ ಇದ್ದರೆ ತಾ ಅಂದಳು.

ಗೇರುಹಣ್ಣಿನ ವಿಚಾರ

ಅನಾನಸು ಎರಡು ಸಲ ಚೆನ್ನಾಗಿ ಬಂದ ಮೇಲೆ ಗೇರುಹಣ್ಣಿಗೆ ಕೈ ಹಾಕಿ. ಬೀಜ ಕಿತ್ತುಕೊಂಡು ಹಣ್ಣನ್ನು ಮರದ ಬುಡದಲ್ಲೇ ಕೊಳೆಯಲು ಬಿಡುವ ಊರು ನಮ್ಮದು, ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ತೊಂದರೆ ಎರಡು. ಒಂದು ಗಂಟಲು ಹಿಡಿಯುವ ಒಗರು. ಸಾಬಕ್ಕಿಯನ್ನು ಪುಡಿ ಮಾಡಿ, ಲೀಟರ್ ರಸಕ್ಕೆ 5 ಗ್ರಾಂ ಲೆಕ್ಕದಲ್ಲಿ ಗಂಜಿಯ ಹಾಗೆ ಬೇಯಿಸಿ, ಆರಿಸಿ ರಸಕ್ಕೆ ಕಲಸಿ. ಒಗರೆಲ್ಲ ಅದಕ್ಕೆ ಅಂಟಿಕೊಂಡು ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿ ಬಸಿದುಕೊಳ್ಳಿ. ನೀರು, ಚಹಾ ಎರಡೂ ಬೇಡ, ಸಕ್ಕರೆಯನ್ನು 1.080ರ ತನಕ ಹಾಕಿದರೆ ಆಯಿತು.

ಇನ್ನೊಂದು ತೊಂದರೆ ಸಮಯದ್ದು. ಗೇರು ಬರುವುದೇ ಬೇಸಿಗೆಯಲ್ಲಿ, ರಸ ಹಿಂಡಿದ ಕೆಲವೇ ಗಂಟೆಗೆ ತಾನಾಗಿ ಹುದುಗಲು ಶುರು. ಹಿಂಡಿದ ದಿನವೇ ಕೆ.ಎಂ.ಎಸ್. ಬೀಳಬೇಕು. ಘಟ್ಟದ ಮೇಲೆ ರಾತ್ರಿಯಾದರೂ ತಂಪು ಅಂತ ನಾನೊಮ್ಮೆ ಅಂಕೋಲೆಯ ಗೇರುರಸವನ್ನು ಸೋಡಾ ಬಾಟಲಿಗಳಲ್ಲಿ ಬಿಗಿಯಾಗಿ ಮುಚ್ಚಿ ಶಿರಸಿಗೆ ಹೊರಟಿದ್ದೆ. ದೇವಿಮನೆ ಘಟ್ಟದ ತಿರುವಿನಲ್ಲಿ ಒಂದರ ಮುಚ್ಚಳ ಹಾರಿತು. ಕಾರಿನ ಸೀಟು ಇವತ್ತಿಗೂ ಗೇರು ವಾಸನೆ. ಹುದುಗುತ್ತಿರುವ ಯಾವುದನ್ನೂ ಬಿಗಿಯಾಗಿ ಮುಚ್ಚಬಾರದು. ಗಾಜಿನ ಬಾಟಲಿಯಾಗಿದ್ದರೆ ಕಣ್ಣೇ ಹೋಗಬಹುದಿತ್ತು.

ನೇರಳೆಯೂ ಚೆಂದ ಬರುತ್ತದೆ, ಬಣ್ಣವಂತೂ ನೋಡಬೇಕು. ಬೀಜ ಜಜ್ಜದೆ ಮಾಡಿ, ಕಹಿಯಾಗುತ್ತದೆ. ಮುರುಗಲು (ಕೋಕಂ) ಅತಿ ಹುಳಿ, ಯೀಸ್ಟ್ ಒದ್ದಾಡುತ್ತದೆ. ಅದನ್ನು ಶರಬತ್ತಿಗೇ ಬಿಟ್ಟುಬಿಡಿ.

ಬಾಟಲಿಗೆ ತುಂಬುವಾಗ ತಿರುಪು ಮುಚ್ಚಳದ ಹಳೇ ವೈನ್ ಬಾಟಲಿ ತೊಳೆದು ಬಳಸಿ. ಬಿರಡೆ ಹಾಕಿದರೆ ನಮ್ಮ ಮಳೆಗಾಲದಲ್ಲಿ ಅದರ ಮೇಲೆ ಬೂಷ್ಟು ಬರುತ್ತದೆ. ಅನಾನಸನ್ನು ಆರು ತಿಂಗಳು ಮುಟ್ಟದೆ ಬಿಡಿ, ಮೊದಲ ತಿಂಗಳಲ್ಲಿ ರುಚಿ ನೋಡಿ ನಿರಾಶೆಯಾದವರೇ ಹೆಚ್ಚು. ಪ್ರತಿ ಬಾಟಲಿಗೂ ಹಣ್ಣು, ತಾರೀಕು, ಹೈಡ್ರೋಮೀಟರಿನ ಎರಡು ಅಂಕಿ ಬರೆದಿಡಿ, ಕಾಗದದ ಚೀಟಿ ಬೇಡ, ಗಾಜಿನ ಮೇಲೆ ಮಾರ್ಕರಿನಲ್ಲೇ ಬರೆದರೆ ನಡೆಯುತ್ತದೆ. ಕಳೆದ ಜುಲೈನಲ್ಲಿ ತೇವಕ್ಕೆ ನನ್ನ ಚೀಟಿಗಳೆಲ್ಲ ಉದುರಿ ಬಿದ್ದವು. ಈಗ ಮೆಟ್ಟಿಲ ಕೆಳಗೆ ಹನ್ನೊಂದು ಬಾಟಲಿ ಇವೆ, ಯಾವುದು ಗೇರು, ಯಾವುದು ಅನಾನಸು ಅಂತ ಒಂದೊಂದೇ ತೆರೆದಾಗ ಗೊತ್ತಾಗಬೇಕು.