ಹಿಸ್ಟಾರಿಕ್, ಹಿಸ್ಟಾರಿಕಲ್: ನಾನು ಕಲಿಸುವ ರೀತಿ

ಮಡಿಕೇರಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹಿಸ್ಟಾರಿಕ್ ಮತ್ತು ಹಿಸ್ಟಾರಿಕಲ್ ಎಂಬ ಜೋಡಿ ಪ್ರತಿ ವರ್ಷವೂ ಮಕ್ಕಳ ತಲೆ ತಿನ್ನುತ್ತದೆ. ಅದಕ್ಕೆ ಕಾರಣವೂ ಇದೆ. ಐತಿಹಾಸಿಕ ಗೆಲುವು ಅನ್ನುತ್ತೇವೆ, ಐತಿಹಾಸಿಕ ಕಾದಂಬರಿ ಅಂತಲೂ ಅನ್ನುತ್ತೇವೆ. ನಮಗೆ ಒಂದೇ ಪದ ಸಾಕು, ಇಂಗ್ಲಿಷಿಗೆ ಎರಡು ಬೇಕು. ಸುಮ್ನೆ ಅರ್ಥ ಬರೆಸಿದರೆ ಎರಡರ ಮುಂದೆಯೂ ಐತಿಹಾಸಿಕ ಅಂತಲೇ ಬರುತ್ತದೆ.

ಹಾಗಾಗಿ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗುತ್ತೇನೆ. ಒಳಗಿನ ಹಳೆಯ ಚರ್ಚ್ ಈಗ ಮ್ಯೂಸಿಯಂ. ಅಲ್ಲಿರುವ ಆಯುಧ, ವಿಗ್ರಹಗಳನ್ನು ತೋರಿಸಿ, "ಇವು ಹಿಂದಿನ ಕಾಲಕ್ಕೆ ಸೇರಿದವು. ಅಷ್ಟಿದ್ದರೆ ಸಾಕು, ಹಿಸ್ಟಾರಿಕಲ್" ಎನ್ನುತ್ತೇನೆ. ಆಮೇಲೆ ಅಂಗಳದ ಆನೆ ಪ್ರತಿಮೆಗಳ ಹತ್ತಿರ ಕೂರಿಸಿ 1834ರ ಕಥೆ ಹೇಳುತ್ತೇನೆ. ಆ ವರ್ಷ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದರು, ಕೊಡಗಿನಲ್ಲಿ ರಾಜರ ಆಳ್ವಿಕೆ ಮುಗಿಯಿತು. ಅದಕ್ಕೆ ಮುಂಚಿನ ಕೊಡಗೇ ಬೇರೆ, ಆಮೇಲಿನದೇ ಬೇರೆ, ಅಲ್ವಾ? ಅದು ಹಿಸ್ಟಾರಿಕ್. 1956ರ ನವೆಂಬರ್ 1 ಕೂಡ ಹಾಗೇ. ಅಲ್ಲಿಯವರೆಗೆ ಬೇರೆ ರಾಜ್ಯವಾಗಿದ್ದ ಕೊಡಗು ಅಂದು ಮೈಸೂರು ರಾಜ್ಯಕ್ಕೆ ಸೇರಿತು. ಆ ದಿನ ಹಿಸ್ಟಾರಿಕ್, ಆಗಿನ ಕಡತಗಳು ಹಿಸ್ಟಾರಿಕಲ್.

ನನಗೆ ತುಂಬಾ ಇಷ್ಟವಾದ ಭಾಗ ಇದರ ನಂತರದ್ದು. ಹಿಸ್ಟಾರಿಕ್ ಅನ್ನಿಸಿಕೊಳ್ಳಲು ಹಳೆಯದಾಗಲೇಬೇಕು ಅಂತಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದ ಗಳಿಗೆಯಲ್ಲೇ ಅದನ್ನು ಹಿಸ್ಟಾರಿಕ್ ಅನ್ನಬಹುದಿತ್ತು. ಇದನ್ನು ಹೇಳಿದರೆ ಮಕ್ಕಳ ಮುಖದಲ್ಲಿ ಗೊತ್ತಾಗುತ್ತದೆ, ವಿಷಯ ಒಳಗೆ ಇಳಿಯಿತು ಅಂತ.

ಆಮೇಲೆ ಹಾಕಿ. ಕೊಡಗಿನ ಮಕ್ಕಳಿಗೆ ಹಾಕಿ ಹೇಳದೆ ಪಾಠ ಮುಗಿಸೋಕಾಗುತ್ತಾ? ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕೊಡಗಿನ ಕರಡ ಎಂಬ ಊರಲ್ಲಿ ಶುರುವಾಯಿತು. "ಆ ಮೊದಲ ಹಬ್ಬ ಹಿಸ್ಟಾರಿಕ್, ಮಿಸ್. ಆಗ ತೆಗೆದ ಫೋಟೋ?" ಅಂತ ಒಬ್ಬ ಹುಡುಗಿ ಕೇಳಿದಳು. ಪಕ್ಕದವನೇ ಉತ್ತರ ಕೊಟ್ಟ: "ಹಿಸ್ಟಾರಿಕಲ್ ಕಣೇ, ಫೋಟೋದಿಂದ ಏನು ಬದಲಾಯ್ತು?" ಅದೇ ನನಗೆ ಬೇಕಾದ ಪ್ರಶ್ನೆ. ಪರೀಕ್ಷೆಯಲ್ಲೂ ಪದದ ಜೊತೆಗೆ ಒಂದು ಸಾಲು ಕಾರಣ ಬರೆಸುತ್ತೇನೆ, ಕಾರಣಕ್ಕೇ ಜಾಸ್ತಿ ಅಂಕ.

ಇದೇ ಲೆಕ್ಕವನ್ನು ಬೇರೆ ಜೋಡಿಗಳಿಗೆ ಹಾಕಬೇಡಿ ಅಂತಲೂ ಎಚ್ಚರಿಸುತ್ತೇನೆ. ಎಕನಾಮಿಕ್ ಅಂದರೆ ಆರ್ಥಿಕತೆಗೆ ಸಂಬಂಧಿಸಿದ್ದು, ಎಕನಾಮಿಕಲ್ ಅಂದರೆ ಕಮ್ಮಿ ಖರ್ಚಿನದು. ಆ ಜೋಡಿ ಕಲಿಸಲು ಶುಕ್ರವಾರದ ಸಂತೆಯೇ ಸರಿ.